ಅರಿಸೀಮದ ಗೆಡ್ಡೆಯನ್ನು ಎಲೆ ನೋಡದೆ ಕೊಳ್ಳಬೇಡಿ

ಅರಿಸೀಮ ಟ್ರೈಫಿಲಮ್ ಬೆಳೆಸುವವರು ದಯವಿಟ್ಟು ಇದನ್ನು ಓದಿ. ಎಲೆ ಇಲ್ಲದ ಕಾಲದಲ್ಲಿ ಬರೀ ಗೆಡ್ಡೆ ನೋಡಿ ಕೊಳ್ಳಬೇಡಿ. ಕೊಂಡರೂ ಸೀದಾ ನಿಮ್ಮ ಹಳೆ ಗಿಡಗಳ ಪಕ್ಕ ನೆಡಬೇಡಿ. ಬೀಜ ಹಾಕಿ ವರ್ಷಗಟ್ಟಲೆ ಬೆಳೆಸಿದ್ದ ನನ್ನ ಗಿಡಗಳು ತುಕ್ಕು ರೋಗಕ್ಕೆ ಹೋದವು. ಆ ರೋಗ ಬಂದಿದ್ದು ಕೊಂಡು ತಂದ ಗೆಡ್ಡೆಗಳ ಜೊತೆ.

ಗಿಡ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಮ್ಮ ಕೆಸುವಿನ ಕುಟುಂಬದ್ದು. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ, ನೆರಳಲ್ಲಿ, ತರಗೆಲೆ ಕೊಳೆತ ತೇವದ ಮಣ್ಣಲ್ಲಿ ಬೆಳೆಯುತ್ತದೆ. ಹೂವಿನ ಕಡ್ಡಿಯ ಮೇಲೆ ಹಾವು ಹೆಡೆ ಎತ್ತಿದ ಹಾಗೆ ಒಂದು ಹೊದಿಕೆ ಬಾಗಿರುತ್ತದೆ. ಗೆಡ್ಡೆ ಚಿಕ್ಕದಿದ್ದಾಗ ಗಂಡು ಹೂ ಬಿಡುತ್ತದೆ, ದಪ್ಪವಾಗಿ ಸಾಕಷ್ಟು ಶಕ್ತಿ ಕೂಡಿಟ್ಟುಕೊಂಡ ಮೇಲೆ ಹೆಣ್ಣು ಹೂ, ಒಂದು ವರ್ಷ ಸೊರಗಿದರೆ ಮತ್ತೆ ಗಂಡು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ತುಕ್ಕು ರೋಗದ ಹೊಡೆತ ಬೀಳುವುದೇ ಆ ಕೂಡಿಟ್ಟ ಶಕ್ತಿಗೆ. ಗೆಡ್ಡೆ ಸೊರಗಿದರೆ ಹೆಣ್ಣು ಹೂವಿಲ್ಲ, ಹಣ್ಣಿಲ್ಲ, ಬೀಜವಿಲ್ಲ.

ಮಾರಿದವರು ನರ್ಸರಿಯಲ್ಲೇ ಬೆಳೆಸಿದ್ದು ಅಂತ ಬರೆದಿದ್ದರು. ಗೆಡ್ಡೆಗಳೂ ಚೆನ್ನಾಗಿದ್ದವು. ಗಟ್ಟಿಯಾಗಿದ್ದವು, ಎಲ್ಲೂ ಮೆತ್ತಗಾಗಿರಲಿಲ್ಲ, ಮೊಳಕೆ ದಪ್ಪಗಿತ್ತು. ಆದರೆ ಬೇರಿನ ಬುಡದಲ್ಲಿ ಕಪ್ಪು ಮಣ್ಣು, ಅರ್ಧ ಕೊಳೆತ ಎಲೆಚೂರು ಅಂಟಿಕೊಂಡಿತ್ತು. ಕುಂಡದ ಮಿಶ್ರಣ ಹಾಗಿರಲ್ಲ ಅಲ್ವಾ? ಕಾಡಿನಿಂದ ಅಗೆದು ತಂದು ಮಾರುವವರು ಈ ವ್ಯಾಪಾರದಲ್ಲಿ ಇದ್ದಾರೆ, ಅದು ಕಾಡಿಗೂ ಅನ್ಯಾಯ, ಕೊಳ್ಳುವವರಿಗೂ ಅನ್ಯಾಯ.

ವಸಂತದಲ್ಲಿ ಎಲೆ ಬಿಚ್ಚಿತು. ಮಾಮೂಲಿಗಿಂತ ಚಿಕ್ಕದು, ಬಣ್ಣ ಪೇಲವ. ಮೇಲಿಂದ ನೋಡಿದರೆ ಗೊಬ್ಬರ ಸಾಲದೇನೋ ಅನ್ನಿಸುತ್ತದೆ, ಅಷ್ಟೆ. ಎಲೆ ತಿರುಗಿಸಿ ನೋಡಬೇಕು. ಅಡಿಯಲ್ಲಿ ಒತ್ತೊತ್ತಾಗಿ ಕಿತ್ತಳೆ ಬಣ್ಣದ ಸಣ್ಣ ಗುಳ್ಳೆಗಳು, ಒಡೆದು ಬಾಯಿ ಬಿಟ್ಟಿದ್ದವು. ಬೆರಳಿಂದ ಸವರಿದರೆ ಪುಡಿ ಅಂಟಿತು. ಹೂವಿನ ಹೊದಿಕೆಯ ಮೇಲೂ ಅದೇ. ಆಮೇಲೆ ಪಕ್ಕದಲ್ಲಿದ್ದ ನನ್ನ ಹಳೆ ಗಿಡಗಳ ಎಲೆಯಲ್ಲೂ ಗುಳ್ಳೆ ಕಾಣಿಸಿಕೊಂಡಿತು.

ಇದು ಯುರೋಮೈಸಿಸ್ ಅರಿ-ಟ್ರೈಫಿಲ್ಲಿ ಅನ್ನುವ ಶಿಲೀಂಧ್ರ. ಎಷ್ಟೋ ತುಕ್ಕು ರೋಗಗಳಿಗೆ ಬದುಕು ಮುಗಿಸಲು ಎರಡು ಬೇರೆ ಬೇರೆ ಜಾತಿಯ ಗಿಡ ಬೇಕು, ಇದಕ್ಕೆ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ಇದು ಗೆಡ್ಡೆಯೊಳಗೇ ಉಳಿದುಬಿಡುತ್ತದೆ, ಎಲೆ ಕತ್ತರಿಸಿ ಎಸೆದರೂ ಮುಂದಿನ ವರ್ಷ ಹೊಸ ಎಲೆಯ ಜೊತೆ ಮೇಲೆ ಬರುತ್ತದೆ. ಮಾರಿದವರನ್ನು ಕೇಳಿದಾಗ "ಸುಮ್ನೆ ಎಲೆಚುಕ್ಕೆ, ಔಷಧಿ ಹೊಡೆಯಿರಿ" ಅಂದರು. ಹೊಡೆದೆ. ಗೆಡ್ಡೆಯೊಳಗಿನ ರೋಗ ಅದರಿಂದ ಹೋಗಲಿಲ್ಲ. ಆಮೇಲೆ ಅವರಿಂದ ಉತ್ತರವೇ ಇಲ್ಲ. ನನಗೆ ಇವತ್ತಿಗೂ ಸಿಟ್ಟಿದೆ.

ಹಾಗಾಗಿ, ಎಲೆ ಇರುವಾಗಲೇ ಕೊಳ್ಳಿ, ಎಲೆಯ ಅಡಿಭಾಗದ ಫೋಟೊ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಬೀಜದಿಂದ ಬೆಳೆಸಿದ್ದಾ ಅಂತ ನೇರವಾಗಿ ಕೇಳಿ, ಯಾವ ವರ್ಷ ಬಿತ್ತಿದ್ದು ಅಂತಲೂ ಕೇಳಿ, ನಿಜವಾಗಿ ಬೆಳೆಸಿದವರಿಗೆ ಅದು ನೆನಪಿರುತ್ತದೆ. ಹೊಸ ಗಿಡವನ್ನು ಬೇರೆ ಕುಂಡದಲ್ಲಿ, ಉಳಿದವುಗಳಿಂದ ದೂರ, ಒಂದು ಪೂರ್ತಿ ಬೆಳೆಗಾಲ ಇಟ್ಟು ನೋಡಿ. ತಾಳ್ಮೆ ಇದ್ದರೆ ಬೀಜವೇ ಒಳ್ಳೆಯದು: ಹಣ್ಣಿನ ತಿರುಳು ತೊಳೆದು, ಒದ್ದೆ ಪಾಚಿಯಲ್ಲಿಟ್ಟು ಎರಡು ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ಬಿತ್ತಿ. ಕೈಗವಸು ಹಾಕಿಕೊಳ್ಳಿ, ಕೆಸುವಿನ ಹಾಗೆ ಇದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳಿವೆ, ಚೆನ್ನಾಗಿ ತುರಿಸುತ್ತದೆ.

ರೋಗ ಬಂದಾಗಿದ್ದರೆ ಗಿಡವನ್ನು ಗೆಡ್ಡೆ ಸಮೇತ ಅಗೆದು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಈ ಗಿಡ ಪಕ್ಕದಲ್ಲಿ ಮರಿಗೆಡ್ಡೆ ಹಾಕುತ್ತದೆ, ಕಡಲೆ ಗಾತ್ರದ್ದು ಒಂದು ಮಣ್ಣಲ್ಲಿ ಉಳಿದರೂ ರೋಗದ ಜೊತೆಗೇ ಮೊಳೆಯುತ್ತದೆ, ಆದ್ದರಿಂದ ಸುತ್ತಲಿನ ಮಣ್ಣನ್ನೂ ಜರಡಿ ಹಿಡಿದು ನೋಡಿ.