ಫೆಟ್‌ನ ಸರ್ಕ್ಯೂಟ್ ಕಿಟ್: ಪಾಠಕ್ಕೆ ಹೊರಟ ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೊಂದು ವಿಮರ್ಶೆ

ಮೈಸೂರು, ಮಂಡ್ಯ ಕಡೆ ಬಿ.ಎಡ್. ಓದುವವರು ಇಂಟರ್ನ್‌ಶಿಪ್‌ಗೆ ಶಾಲೆಗೆ ಹೊರಟರೆಂದರೆ ಪಾಠ ಯೋಜನೆಯಲ್ಲಿ ‘ಐಸಿಟಿ ಬಳಕೆ’ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಬಳಕೆ) ಅಂತ ಏನಾದರೂ ತೋರಿಸಲೇಬೇಕು. ಸಾಮಾನ್ಯವಾಗಿ ಅದರ ಮುಂದೆ ‘ಪಿಪಿಟಿ’ ಎಂದಿರುತ್ತದೆ. ಬೋರ್ಡಿನ ಮೇಲೆ ಬರೆಯಬಹುದಾಗಿದ್ದ ಸಾಲುಗಳನ್ನೇ ಗೋಡೆಯ ಮೇಲೆ ಬಿಟ್ಟು ಓದಿ ಹೇಳುವುದಕ್ಕೆ ಕಂಪ್ಯೂಟರ್ ಯಾಕೆ ಎಂದು ಮಾರ್ಗದರ್ಶಿ ಶಿಕ್ಷಕರು ಕೇಳಿದರೆ ಉತ್ತರ ಕೊಡುವುದು ಕಷ್ಟ. ಫೆಟ್ (PhET) ಸಿಮ್ಯುಲೇಷನ್‌ಗಳ, ಅಂದರೆ ಕಂಪ್ಯೂಟರ್ ತೆರೆಯ ಮೇಲೆ ನಾವೇ ಮಾಡಿ ನೋಡಬಹುದಾದ ಪ್ರಯೋಗಗಳ, ವಿಷಯ ಬೇರೆ. ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೆ ಕಾಸು ಖರ್ಚಿಲ್ಲದೆ ಸಿಗುವ ಸಾಧನಗಳಲ್ಲಿ, ತೆರೆಯ ಮೇಲೆ ಬ್ಯಾಟರಿ, ಬಲ್ಬು, ವೈರು ಜೋಡಿಸಿ ವಿದ್ಯುತ್ ಮಂಡಲ ಕಟ್ಟುವ ಅದರ ಸರ್ಕ್ಯೂಟ್ ಕಿಟ್‌ಗೆ ಮೊದಲ ಸ್ಥಾನ ಕೊಡಬಹುದು. ಷರತ್ತು ಎರಡು. ಫೈಲನ್ನು ಮೊದಲೇ ಇಳಿಸಿಕೊಂಡಿರಬೇಕು. ಜೊತೆಗೆ ನಿಜವಾದ ಸೆಲ್ಲು, ಬಲ್ಬು, ವೈರು ಮೇಜಿನ ಮೇಲೆ ಇರಬೇಕು.

ಫೆಟ್ ಹುಟ್ಟಿದ್ದು 2002ರಲ್ಲಿ, ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್‌ನಲ್ಲಿ. ಶುರು ಮಾಡಿದವರು 2001ರ ಭೌತಶಾಸ್ತ್ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೀಮನ್. ಈಗ ಭೌತಶಾಸ್ತ್ರದ ಜೊತೆ ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರವೂ ಅದರಲ್ಲಿವೆ. ಬ್ರೌಸರ್‌ನಲ್ಲಿ ಬಳಸುವುದಕ್ಕೆ ಖಾತೆ ಬೇಡ. ಬೇರೆ ಶಿಕ್ಷಕರು ಹಾಕಿರುವ ಪಾಠ ಚಟುವಟಿಕೆಗಳು ಬೇಕೆಂದರೆ ಮಾತ್ರ ಶಿಕ್ಷಕರ ಖಾತೆ ತೆರೆಯಬೇಕು, ಅದಕ್ಕೂ ದುಡ್ಡಿಲ್ಲ.

ಮೊದಲ ಕೆಲಸ ಇಳಿಸಿಕೊಳ್ಳುವುದು. ಶಾಲೆಗೆ ಹೋಗಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ತೆರೆಯುತ್ತೇನೆ ಎಂಬ ಧೈರ್ಯ ಬೇಡ. ಸಿಮ್ಯುಲೇಷನ್‌ನ ಪುಟದಲ್ಲಿ ಚಿತ್ರದ ಬಳಿ ಡೌನ್‌ಲೋಡ್ ಬಾಣ ಇರುತ್ತದೆ. ಒತ್ತಿದರೆ ಕೆಲವು ಎಂಬಿಯ ಒಂದೇ ಒಂದು ಎಚ್‌ಟಿಎಂಎಲ್ ಫೈಲ್ ಬರುತ್ತದೆ, ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ. ಅದನ್ನು ಡೆಸ್ಕ್‌ಟಾಪ್‌ನಲ್ಲೊಂದು, ಪೆನ್‌ಡ್ರೈವ್‌ನಲ್ಲೊಂದು ಇಟ್ಟು, ವೈಫೈ ಆರಿಸಿ, ಕ್ರೋಮ್‌ನಲ್ಲಿ ತೆರೆದು ನೋಡಿ. ಆಗ ತೆರೆದರೆ ಶಾಲೆಯಲ್ಲೂ ತೆರೆಯುತ್ತದೆ. ಎಲ್ಲ ಸಿಮ್ಯುಲೇಷನ್‌ಗಳಿಗೂ ಕನ್ನಡ ಅನುವಾದ ಇಲ್ಲ. ಅದೇ ಪುಟದ ಅನುವಾದಗಳ ಪಟ್ಟಿಯಲ್ಲಿ ಕನ್ನಡ ಇದೆಯೇ ನೋಡಿ, ಇದ್ದರೆ ಆ ಸಾಲಿನಿಂದಲೇ ಇಳಿಸಿಕೊಳ್ಳಿ. ಇಲ್ಲದಿದ್ದರೆ ಇಂಗ್ಲಿಷ್ ಫೈಲನ್ನೇ ಬಳಸಿ, ಬೋರ್ಡಿನ ಬಲ ಅಂಚಿನಲ್ಲಿ ಪಠ್ಯಪುಸ್ತಕದ ಪದಗಳನ್ನು ಬರೆದಿಟ್ಟುಬಿಡಿ: ವಿದ್ಯುತ್ ಪ್ರವಾಹ, ವಿಭವಾಂತರ, ರೋಧ, ಸರಣಿ, ಸಮಾಂತರ. 

ವಾಟ್ಸ್ಆ್ಯಪ್‌ನಲ್ಲಿ ಗೆಳೆಯರಿಗೆ ಕಳಿಸುವಾಗ ಒಂದು ತೊಡಕಿದೆ. ಫೈಲೇನೋ ಹೋಗುತ್ತದೆ, ಆದರೆ ಮೊಬೈಲ್‌ನಲ್ಲಿ ಅದನ್ನು ಒತ್ತಿದ ಕೂಡಲೇ ಫೋನಿನ ಜೊತೆ ಬಂದ ಎಚ್‌ಟಿಎಂಎಲ್ ವೀಕ್ಷಕ ತೆರೆದುಕೊಂಡು ಬರೀ ಬಿಳಿ ಪರದೆ ಕಾಣಬಹುದು. ಫೈಲ್ ಕೆಟ್ಟಿದೆ ಅಂದುಕೊಂಡು ಅಳಿಸುವ ಮೊದಲು ಕ್ರೋಮ್‌ನಿಂದ ತೆರೆದು ನೋಡಿ. ಶಾಲೆಯ ಲ್ಯಾಬಿನ ಹಳೆ ಕಂಪ್ಯೂಟರ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೇನೂ ಇಲ್ಲವೆಂದರೆ ಫೆಟ್ ಅಲ್ಲಿ ನಡೆಯುವುದಿಲ್ಲ. ಪೆನ್‌ಡ್ರೈವ್‌ನಲ್ಲೇ ಪೋರ್ಟಬಲ್ ಫೈರ್‌ಫಾಕ್ಸ್ (ಇನ್‌ಸ್ಟಾಲ್ ಮಾಡದೆ ನಡೆಯುವ ಬ್ರೌಸರ್) ಇಟ್ಟುಕೊಂಡರೆ ಆ ದಿನ ಬಚಾವು. ಹಿಂದಿನ ಯಾರೋ ಬಿಟ್ಟುಹೋದ ಜಾರ್ ಫೈಲುಗಳು ಸಿಕ್ಕರೆ ಮುಟ್ಟಬೇಡಿ. ಅವು ಜಾವಾ ಕಾಲದ ಹಳೆ ಆವೃತ್ತಿಗಳು, ಜಾವಾ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆಯುವುದೇ ಇಲ್ಲ.

ಪ್ರೊಜೆಕ್ಟರ್ ಕಡೆಗೆ ಬರೋಣ. ಹಳೆ ಪ್ರೊಜೆಕ್ಟರ್‌ಗಳಲ್ಲಿ ಇರುವುದು ನೀಲಿ ವಿಜಿಎ ಕಿಂಡಿ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎಚ್‌ಡಿಎಂಐ ಮಾತ್ರ. ನಡುವೆ ಎಚ್‌ಡಿಎಂಐ-ಟು-ವಿಜಿಎ ಅಡಾಪ್ಟರ್ ಬೇಕು, ಬರೀ ಕೇಬಲ್ ಸಾಲದು. ಸ್ಮಾರ್ಟ್ ಟಿವಿ ಇದ್ದರೂ ಪೆನ್‌ಡ್ರೈವ್ ನೇರ ಚುಚ್ಚಿ ಪ್ರಯೋಜನವಿಲ್ಲ. ಟಿವಿ ವಿಡಿಯೊ, ಫೋಟೊ ತೋರಿಸುತ್ತದೆಯೇ ಹೊರತು ಎಚ್‌ಟಿಎಂಎಲ್ ಫೈಲನ್ನು ಗುರುತಿಸುವುದಿಲ್ಲ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೇಬಲ್ ಎಳೆಯುವುದೇ ದಾರಿ. ಕೊನೆಯ ಬೆಂಚಿಗೆ ಅಕ್ಷರ ಕಾಣುವುದಿಲ್ಲ ಎಂದು ಬ್ರೌಸರ್‌ನ ಜೂಮ್ ಹಿಗ್ಗಿಸುತ್ತಾ ಕೂರಬೇಡಿ. ಫೆಟ್ ಚಿತ್ರ ಕಿಟಕಿಯ ಅಳತೆಗೆ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಎಫ್11 ಒತ್ತಿ ಪೂರ್ತಿ ಪರದೆ ಮಾಡಿಕೊಂಡು, ಸಿಮ್ಯುಲೇಷನ್‌ನ ಎಡ ಕೆಳಮೂಲೆಯಲ್ಲಿರುವ ಕೂಡು-ಕಳೆ ಗುಂಡಿಯಿಂದ ಸರ್ಕ್ಯೂಟನ್ನು ದೊಡ್ಡದು ಮಾಡಿ. ಟಚ್‌ಪ್ಯಾಡ್‌ನಲ್ಲಿ ವೈರಿನ ತುದಿ ಹಿಡಿದು ಎಳೆಯುವುದು ಹಿಂಸೆ, ವೈರ್ ಇರುವ ಒಂದು ಮೌಸ್ ಚೀಲದಲ್ಲಿರಲಿ.

ಇನ್ನು ಪಾಠ. ತೆರೆದ ಕೂಡಲೇ ಎರಡು ಕಡೆ ಕೈ ಹಾಕಬೇಕು. ಒಂದು, ಬೆಲೆಗಳನ್ನು ತೋರಿಸುವ ಚೌಕಕ್ಕೆ ಟಿಕ್ ಹಾಕುವುದು, ಇಲ್ಲದಿದ್ದರೆ ವೋಲ್ಟ್, ಓಮ್ ಯಾವುದೂ ಕಾಣುವುದಿಲ್ಲ. ಇನ್ನೊಂದು ಹೆಚ್ಚು ಮುಖ್ಯ. ಕಿಟ್ ಶುರುವಿನಲ್ಲಿ ತೋರಿಸುವುದು ಎಲೆಕ್ಟ್ರಾನ್‌ಗಳ ಓಟ, ನೀಲಿ ಗುಂಡುಗಳು ಋಣ ತುದಿಯಿಂದ ಧನ ತುದಿಗೆ ಹರಿಯುತ್ತಿರುತ್ತವೆ. ಪಠ್ಯಪುಸ್ತಕದ ಬಾಣ ಅದಕ್ಕೆ ಸರಿಯಾಗಿ ತಿರುವುಮುರುವು. ಇದನ್ನು ಮೊದಲೇ ಹೇಳದೆ ಪಾಠ ಮುಂದುವರಿಸಿದರೆ ಚುರುಕಾದ ಹುಡುಗಿಯೊಬ್ಬಳು ಎದ್ದು ‘ಸಾರ್, ಪುಸ್ತಕದಲ್ಲಿ ಉಲ್ಟಾ ಇದೆ’ ಎನ್ನುತ್ತಾಳೆ. ಪಕ್ಕದಲ್ಲಿರುವ ಆಯ್ಕೆಯಲ್ಲಿ ಸಾಂಪ್ರದಾಯಿಕ ಪ್ರವಾಹಕ್ಕೆ ಬದಲಿಸಿ, ಕೆಂಪು ಬಾಣಗಳು ಬರುತ್ತವೆ. ಎರಡನ್ನೂ ಒಂದೊಂದು ಸಲ ತೋರಿಸಿ, ಪಾಠ ಮುಗಿಯುವವರೆಗೆ ಕೆಂಪು ಬಾಣದಲ್ಲೇ ಇರುವುದು ಒಳ್ಳೆಯದು.

ಓಮ್‌ನ ನಿಯಮಕ್ಕೆ ಬಲ್ಬು ಬೇಡ, ರೋಧಕ ಹಾಕಿ. ಇದಕ್ಕೆ ಕಾರಣವಿದೆ. ನಿಜವಾದ ಟಾರ್ಚ್ ಬಲ್ಬಿನ ತಂತು ಕಾದಂತೆ ಅದರ ರೋಧ ಏರುತ್ತದೆ, ಅದರ ವಿಭವಾಂತರ-ಪ್ರವಾಹ ನಕ್ಷೆ ಬಾಗುತ್ತದೆ. ಕಿಟ್‌ನ ಸಾಮಾನ್ಯ ಬಲ್ಬು ಮಾತ್ರ ಎಷ್ಟೇ ವೋಲ್ಟ್ ಕೊಟ್ಟರೂ 10 ಓಮ್‌ನಲ್ಲೇ ನಿಂತಿರುತ್ತದೆ. ಬಲ್ಬಿಟ್ಟು ನೇರ ಗೆರೆ ಬರಿಸಿದರೆ ತಪ್ಪು ಕಲಿಸಿದಂತೆ. ರೋಧಕವನ್ನೂ 10 ಓಮ್‌ನಲ್ಲೇ ಬಿಟ್ಟು ಬ್ಯಾಟರಿಯನ್ನು 3, 6, 9, 12 ವೋಲ್ಟ್ ಮಾಡುತ್ತಾ ಹೋಗಿ. ಅಮ್ಮೀಟರ್ 0.30, 0.60, 0.90, 1.20 ಆಂಪಿಯರ್ ತೋರಿಸುತ್ತದೆ. ಮಕ್ಕಳು ನಾಲ್ಕು ಬಿಂದು ಗುರುತಿಸಿ ಗೆರೆ ಎಳೆಯುವುದಕ್ಕೆ ಹತ್ತು ನಿಮಿಷ ಸಾಕು. ಪಠ್ಯದಲ್ಲಿ ಇದೇ ಪ್ರಯೋಗಕ್ಕೆ ಸುಮಾರು ಅರ್ಧ ಮೀಟರ್ ನೈಕ್ರೋಮ್ ತಂತಿ, 1.5 ವೋಲ್ಟ್‌ನ ನಾಲ್ಕು ಸೆಲ್ಲು ಹೇಳಿದ್ದಾರೆ. ಸಾಮಾನು ಸಿಕ್ಕುವ ಶಾಲೆಯಲ್ಲಿ ಅದನ್ನೇ ಮೊದಲು ಮಾಡಿಸಿ. ಅಳತೆ ಅಷ್ಟೊಂದು ಚೊಕ್ಕವಾಗಿ ಬರುವುದಿಲ್ಲ, ಬಿಂದುಗಳು ಗೆರೆಯಿಂದ ಅತ್ತಿತ್ತ ಬೀಳುತ್ತವೆ. ಸೆಲ್ಲು ಇಳಿದಿರುವುದು, ತಂತಿ ಕಾಯುವುದು, ತುದಿ ಸಡಿಲವಾಗಿರುವುದು ಯಾಕೆ ಅಳತೆ ಕೆಡಿಸುತ್ತವೆ ಎಂದು ಮಾತಾಡುವುದಕ್ಕೆ ಅದೇ ದಾರಿ.

ಕಿಟ್‌ನ ನಿಜವಾದ ಉಪಯೋಗ ಗೊತ್ತಾಗುವುದು ಸರಣಿ, ಸಮಾಂತರ ಜೋಡಣೆಯಲ್ಲಿ. 9 ವೋಲ್ಟ್ ಬ್ಯಾಟರಿಗೆ ಎರಡು ಬಲ್ಬು ಸರಣಿಯಲ್ಲಿ ಕೊಟ್ಟರೆ ತಲಾ 4.5 ವೋಲ್ಟ್, ಪ್ರವಾಹ 0.45 ಆಂಪಿಯರ್. ಸಮಾಂತರದಲ್ಲಿ ತಲಾ 9 ವೋಲ್ಟ್, 0.90 ಆಂಪಿಯರ್, ಬ್ಯಾಟರಿಯಿಂದ ಹೊರಡುವುದು 1.80. ಒಂದೊಂದು ಬಲ್ಬಿನ ಸಾಮರ್ಥ್ಯ ಸುಮಾರು 2 ವ್ಯಾಟ್‌ನಿಂದ 8.1 ವ್ಯಾಟ್‌ಗೆ, ಅಂದರೆ ನಾಲ್ಕು ಪಟ್ಟು ಏರುತ್ತದೆ, ಬಲ್ಬಿನ ಸುತ್ತಲಿನ ಕಿರಣಗಳೂ ಅದಕ್ಕೆ ತಕ್ಕಂತೆ ಉದ್ದವಾಗುತ್ತವೆ. ಆದರೆ ಗುಂಡಿ ಒತ್ತುವ ಮೊದಲು ಪ್ರಶ್ನೆ ಕೇಳಿ ಕೈ ಎತ್ತಿಸಬೇಕು. ಸಮಾಂತರದಲ್ಲಿ ಒಂದು ಬಲ್ಬ್ ಕಿತ್ತರೆ ಇನ್ನೊಂದು ಮಂಕಾಗುತ್ತದೋ, ಜಾಸ್ತಿ ಉರಿಯುತ್ತದೋ, ಹಾಗೇ ಇರುತ್ತದೋ? ತರಗತಿ ಮೂರು ಪಾಲಾಗುತ್ತದೆ. ಆಮೇಲೆ ವೈರು ಬಲ್ಬಿಗೆ ಸೇರುವ ಸಂಧಿಯನ್ನು ಒತ್ತಿ ಕತ್ತರಿ ಚಿತ್ರ ಮುಟ್ಟಿ. ಊಹೆಯಿಲ್ಲದೆ ತೋರಿಸಿದರೆ ಇದೂ ಒಂದು ವಿಡಿಯೊ ಅಷ್ಟೆ.

ಸರಿಯುತ್ತರ, ಇನ್ನೊಂದು ಬಲ್ಬ್ ಹಾಗೇ ಇರುತ್ತದೆ ಎಂಬುದು. ಆದರೆ ಮೇಜಿನ ಮೇಲೆ ಒಣ ಸೆಲ್ಲು ಇಟ್ಟು ಮಾಡಿದರೆ ಎರಡನೇ ಬಲ್ಬ್ ಸೇರಿಸಿದಾಗ ಮೊದಲನೆಯದು ಸ್ವಲ್ಪ ಮಂಕಾಗುವುದು ಕಣ್ಣಿಗೇ ಕಾಣಬಹುದು. ಆಗ ‘ಕಂಪ್ಯೂಟರ್ ಸುಳ್ಳು ಹೇಳ್ತದೆ’ ಅನ್ನುತ್ತಾರೆ ಹುಡುಗರು. ಸುಳ್ಳಲ್ಲ, ಕಿಟ್‌ನ ಬ್ಯಾಟರಿಗೆ ಶುರುವಿನಲ್ಲಿ ಆಂತರಿಕ ರೋಧ, ಅಂದರೆ ಬ್ಯಾಟರಿಯ ಒಳಗಿನದೇ ರೋಧ, ಇರುವುದಿಲ್ಲ. ಕಿಟ್‌ನ ‘ಲ್ಯಾಬ್’ ಎಂಬ ಪುಟದ ಸುಧಾರಿತ ಆಯ್ಕೆಯಲ್ಲಿ ಸ್ಲೈಡರ್ ಎಳೆದು ಬ್ಯಾಟರಿಯ ರೋಧವನ್ನು 2 ಓಮ್ ಮಾಡಿ ನೋಡಿ. ಒಂದೇ ಬಲ್ಬಿದ್ದಾಗ 0.75 ಆಂಪಿಯರ್, ಸಮಾಂತರದಲ್ಲಿ ಎರಡನೆಯದು ಸೇರಿದ ಮೇಲೆ ತಲಾ 0.64. ಸಾಮರ್ಥ್ಯ ಸುಮಾರು 5.6 ವ್ಯಾಟ್‌ನಿಂದ 4.1ಕ್ಕೆ ಇಳಿಯುತ್ತದೆ. ಮೇಜಿನ ಮೇಲಿನದೂ ತೆರೆಯ ಮೇಲಿನದೂ ಈಗ ಒಂದಕ್ಕೊಂದು ತಾಳೆಯಾಗುತ್ತವೆ. ಈ ಒಂದು ಸ್ಲೈಡರ್ ಗೊತ್ತಿಲ್ಲದೆ ಕಿಟ್ ಹಿಡಿದು ತರಗತಿಗೆ ಹೋಗಬಾರದು.

ಅದೇ ಜಾಗದಲ್ಲಿ ವೈರಿನ ರೋಧಶೀಲತೆಯ ಸ್ಲೈಡರೂ ಇದೆ. ಅದನ್ನು ಹೆಚ್ಚಿಸಿ ವೈರನ್ನು ಉದ್ದಕ್ಕೆ ಎಳೆದರೆ ಬಲ್ಬ್ ಮಂಕಾಗುತ್ತಾ ಹೋಗುತ್ತದೆ. ಮಂಡ್ಯ ಜಿಲ್ಲೆಯ ಮಕ್ಕಳಿಗೆ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೊಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದರು. ಅಷ್ಟುದ್ದ ತಂತಿಯಲ್ಲಿ ಸೋರಿಹೋಗದಂತೆ ಏನು ಮಾಡಿರಬೇಕು ಎಂದು ಕೇಳಿ, ವೋಲ್ಟ್ ಏರಿಸಿ ಪ್ರವಾಹ ಇಳಿಸಿದರೆ ತಂತಿಯಲ್ಲಿ ಕಾವಾಗಿ ಹೋಗುವುದು ಕಡಿಮೆ ಎಂಬಲ್ಲಿಗೆ ತರಬಹುದು. ಅಲ್ಲಿಂದ ಹೋದದ್ದು ಪರ್ಯಾಯ ಪ್ರವಾಹ, ಕಿಟ್‌ನದ್ದು ನೇರ ಪ್ರವಾಹ ಎಂದೂ ಒಂದು ಮಾತು ಹೇಳಿಬಿಡಿ.

ದೋಷಗಳೂ ಸಣ್ಣವಲ್ಲ. ಬಲ ಕೆಳಮೂಲೆಯ ಕಿತ್ತಳೆ ಬಣ್ಣದ ರೀಸೆಟ್ ಗುಂಡಿಗೆ ಕೈ ತಾಗಿದರೆ ಕಟ್ಟಿದ ಸರ್ಕ್ಯೂಟ್ ಪೂರ್ತಿ ಮಾಯ, ವಾಪಸ್ ತರುವ ಗುಂಡಿಯೇ ಇಲ್ಲ. ಕಟ್ಟಿದ್ದನ್ನು ಉಳಿಸಿಡಲೂ ಬರುವುದಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಆದ್ದರಿಂದ ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟು, ಅದೇ ಫೈಲನ್ನು ಮೂರು ಟ್ಯಾಬ್‌ನಲ್ಲಿ ತೆರೆದು, ಒಂದರಲ್ಲಿ ಸರಳ ಮಂಡಲ, ಒಂದರಲ್ಲಿ ಸರಣಿ, ಒಂದರಲ್ಲಿ ಸಮಾಂತರ ಮೊದಲೇ ಕಟ್ಟಿಟ್ಟುಕೊಳ್ಳುವುದು ಕ್ಷೇಮ. 40 ನಿಮಿಷದ ಪೀರಿಯಡ್‌ನಲ್ಲಿ ವೈರ್ ಜೋಡಿಸುತ್ತಾ ಬೆನ್ನು ತೋರಿಸಿ ಕೂತರೆ ತರಗತಿ ಕೈಬಿಟ್ಟಂತೆಯೇ. ಪ್ರವಾಹ ತೀರಾ ಹೆಚ್ಚಾದಾಗ ಚಲನೆಯ ವೇಗ ತಗ್ಗಿಸಲಾಗಿದೆ ಎಂಬ ಸೂಚನೆ ಕಾಣುತ್ತದೆ. ಅದು ಚಿತ್ರದ ವೇಗ ಮಾತ್ರ, ಪ್ರವಾಹ ಕಡಿಮೆಯಾಗಿಲ್ಲ ಎಂದು ಹೇಳದಿದ್ದರೆ ಮಕ್ಕಳು ತಪ್ಪು ತಿಳಿಯುತ್ತಾರೆ.

ಶಾರ್ಟ್ ಸರ್ಕ್ಯೂಟ್ ಮಾಡಿದರೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಅಮ್ಮೀಟರನ್ನು ಬ್ಯಾಟರಿಯ ಎರಡು ತುದಿಗೆ ನೇರ ಇಟ್ಟರೂ ಅಷ್ಟೆ. ತರಗತಿಗೆ ಅದು ಹಬ್ಬ, ಮತ್ತೆ ಮತ್ತೆ ಹಚ್ಚಿ ಎನ್ನುತ್ತಾರೆ. ತೋರಿಸಿ, ಆದರೆ ಆವತ್ತೇ ಮೇಜಿನ ಮೇಲಿರುವ ನಿಜವಾದ ಮೀಟರನ್ನು ಹೀಗೆ ಜೋಡಿಸಿದರೆ ಏನಾಗುತ್ತದೆ ಎಂದೂ ಹೇಳಿ. ಶಾಲೆಯ ಅಮ್ಮೀಟರ್ ಸುಟ್ಟರೆ ಉತ್ತರ ಕೊಡಬೇಕಾದವರು ನೀವೇ.

ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾ ಸಾಲದೇ ಎಂದು ಕೇಳುವವರಿದ್ದಾರೆ. 2017ರಿಂದ ಇರುವ ಆ ವೇದಿಕೆಯಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಪಾಠಕ್ಕೆ ಹೊಂದಿದ ಸಾಮಗ್ರಿ ಸಿಗುತ್ತದೆ, ಆ್ಯಪ್‌ನಲ್ಲಿ ಇಳಿಸಿಟ್ಟುಕೊಳ್ಳಲೂ ಬರುತ್ತದೆ. ಪಾಠದ ಮರುದಿನ ಪುನರಾವರ್ತನೆಗೆ ಚೆನ್ನ. ಆದರೆ ‘9ರ ಬದಲು 12 ವೋಲ್ಟ್ ಕೊಟ್ಟರೆ?’ ಎಂದು ಹಿಂದಿನ ಬೆಂಚಿನವನು ಕೇಳಿದಾಗ ಅಲ್ಲಿನ ವಿಡಿಯೊಗೆ ಬದಲಾಗಲು ಬರುವುದಿಲ್ಲ.

ಊಹೆಯ ಪ್ರಶ್ನೆಗೆ ಕೈ ಎತ್ತಿಸಿದರೆ ಅರ್ಧ ತರಗತಿ ಪಕ್ಕದವರ ಕೈ ನೋಡಿ ಎತ್ತುತ್ತದೆ. ಅದಕ್ಕೆ ಜೋಡಿಯಾಗಿ ಪ್ಲಿಕರ್ಸ್ ಕಾರ್ಡ್ ಒಳ್ಳೆಯದು. ಪ್ರತಿ ಮಗುವಿಗೂ ಒಂದು ಮುದ್ರಿತ ಕಾರ್ಡ್, ಉತ್ತರದ ಅಕ್ಷರ ಮೇಲೆ ಬರುವಂತೆ ತಿರುಗಿಸಿ ಹಿಡಿದರೆ ನಿಮ್ಮ ಮೊಬೈಲ್ ಕ್ಯಾಮೆರಾ ಎಲ್ಲವನ್ನೂ ಓದಿಕೊಳ್ಳುತ್ತದೆ. ಮಕ್ಕಳ ಬಳಿ ಫೋನ್ ಬೇಡ, ನಿಮ್ಮ ಫೋನಿಗೆ ಮಾತ್ರ ನೆಟ್ ಇರಲಿ. ಮಾಮೂಲಿ ಕಟ್ಟಿನಲ್ಲಿ 40 ಕಾರ್ಡ್, ತರಗತಿ ದೊಡ್ಡದಾದರೆ 63ರ ಕಟ್ಟು ಇದೆ. ಉಚಿತ ಖಾತೆಯಲ್ಲಿ ಒಂದು ಗುಚ್ಛಕ್ಕೆ 5 ಪ್ರಶ್ನೆ, ಒಂದು ಪೀರಿಯಡ್‌ಗೆ ಅಷ್ಟು ಧಾರಾಳ. ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಗೆ ಹಾಕಿಸಿ, ಮಿಂಚುವ ಲ್ಯಾಮಿನೇಷನ್ ಬೇಡ ಎನ್ನಿ. ಕಿಟಕಿಯ ಬೆಳಕು ಹೊಳೆದರೆ ಕ್ಯಾಮೆರಾ ಆ ಕಾರ್ಡನ್ನು ಓದುವುದಿಲ್ಲ. ಮಕ್ಕಳು ಹಿಡಿಯುವಾಗ ಬೆರಳು ಕಪ್ಪು ಗುರುತಿನ ಮೇಲೆ ಬಂದರೂ ಅದೇ ಕಥೆ.

ಪ್ರಶ್ನೆಗಳನ್ನು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರೆ ಫಾಂಟ್ ಯಾವುದೆಂದು ಕೇಳಿಕೊಳ್ಳಿ. ನುಡಿ, ಬರಹದ ಹಳೆ ಆಸ್ಕಿ ಫಾಂಟ್‌ನಲ್ಲಿದ್ದರೆ ಪ್ಲಿಕರ್ಸ್‌ಗೋ ಗೂಗಲ್ ಫಾರ್ಮ್‌ಗೋ ಅಂಟಿಸಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳಿ. ಹತ್ತಿಪ್ಪತ್ತು ಸಾಲಿದ್ದರೆ ಫೋನಿನ ಕನ್ನಡ ಕೀಲಿಮಣೆಯಲ್ಲಿ ಹೊಸದಾಗಿ ಕುಟ್ಟುವುದೇ ಬೇಗ ಆಗುತ್ತದೆ.

ಫೆಟ್‌ನ ಮೊಬೈಲ್ ಆ್ಯಪ್‌ಗೆ ಮಾತ್ರ ದುಡ್ಡು ಕೊಡಬೇಕು, ತರಗತಿಯ ಕೆಲಸಕ್ಕೆ ಅದು ಬೇಕಾಗಿಲ್ಲ. ಆ ಹಣಕ್ಕೆ ಇನ್ನಷ್ಟು ಸೇರಿಸಿ ಅಡಾಪ್ಟರ್, ಎರಡು ಟಾರ್ಚ್ ಬಲ್ಬು, ಹೋಲ್ಡರ್, ನಾಲ್ಕು ಸೆಲ್ಲು ತಂದಿಟ್ಟುಕೊಳ್ಳಿ.