ಸುಳ್ಳು ಹೇಳಿ ಮಾಡಿಸಿಕೊಂಡ ಅಗ್ರಿಮೆಂಟ್ ತಾನಾಗಿ ಬಿದ್ದುಹೋಗುವುದಿಲ್ಲ

ಜಮೀನು ಕೊಳ್ಳಲು ಹೋಗಿ ಮೋಸಹೋದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ಸುಳ್ಳು ಹೇಳಿ ಸಹಿ ಹಾಕಿಸಿಕೊಂಡಿದ್ದಾರೆ ಸಾರ್, ಅಂಥ ಅಗ್ರಿಮೆಂಟ್ ಹೇಗೆ ನಡೆಯುತ್ತೆ?" ನಡೆಯುತ್ತದೆ. ನೀವು ಅದನ್ನು ರದ್ದು ಮಾಡುವ ತನಕ ಚೆನ್ನಾಗಿಯೇ ನಡೆಯುತ್ತದೆ. ಇದು ಗೊತ್ತಿಲ್ಲದೆ ಕೈ ಸುಟ್ಟುಕೊಳ್ಳುವವರು ಬಹಳ.

ಒಂದು ಮಾದರಿ ನೋಡಿ. ಎರಡು ಎಕರೆ ಹತ್ತು ಗುಂಟೆ ಜಮೀನು. "ಸಾಲ ಇಲ್ಲ, ತಕರಾರು ಇಲ್ಲ" ಎಂದು ಮಾರುವವರು ಬಾಯಲ್ಲೂ ಹೇಳಿದರು, ಕರಾರಿನಲ್ಲೂ ಬರೆಸಿದರು. ಮುಂಗಡ ಕೊಟ್ಟಾಯಿತು, ಕ್ರಯಕ್ಕೆ ಆರು ತಿಂಗಳ ಗಡುವು. ಎರಡನೇ ತಿಂಗಳಲ್ಲಿ ಗೊತ್ತಾಯಿತು: ಮಾರುವವರ ಅಣ್ಣ ಹಾಕಿದ ಪಾಲಿನ ದಾವೆ ಸಿವಿಲ್ ಕೋರ್ಟಿನಲ್ಲಿ ಬಾಕಿ ಇದೆ. ಕೇಳಿದರೆ, "ಅದು ಮನೆಯೊಳಗಿನ ವಿಷಯ, ರಾಜಿ ಆಗ್ತಾ ಇದೆ" ಎಂಬ ಉತ್ತರ. ಕೊಳ್ಳುವವರು ನಂಬಿ ಮೂರನೇ ತಿಂಗಳಲ್ಲಿ ಇನ್ನೊಂದು ಕಂತು ಕೊಟ್ಟರು. ಗಡುವು ಮುಗಿದಾಗ ಅದೇ ಕರಾರಿನ ಹಿಂಬದಿಯಲ್ಲಿ "ಅವಧಿಯನ್ನು ಇನ್ನಾರು ತಿಂಗಳು ವಿಸ್ತರಿಸಿದೆ" ಎಂದು ಷರಾ ಬರೆದು ಇಬ್ಬರೂ ಸಹಿ ಹಾಕಿದರು. ವಕೀಲರ ಹತ್ತಿರ ಹೋಗುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಇದು ಯಾರೋ ಒಬ್ಬರ ಕತೆಯಲ್ಲ. ಗುಂಟೆ, ಕಂತು ಬದಲಾಗುತ್ತವೆ, ಹೋಗುವ ದಾರಿ ಇದೇ.

ಇಲ್ಲಿ ಏಟು ಬಿದ್ದದ್ದು ಎರಡು ಕಡೆ. ಭಾರತೀಯ ಕರಾರು ಕಾಯ್ದೆ, 1872ರ 19ನೇ ಕಲಂ ಪ್ರಕಾರ ವಂಚನೆ ಅಥವಾ ತಪ್ಪು ನಿರೂಪಣೆಯಿಂದ (ನಿಜವೆಂದು ನಂಬಿಯೇ ಹೇಳಿದ ತಪ್ಪು ಮಾತಿನಿಂದ) ಪಡೆದ ಒಪ್ಪಿಗೆಯ ಕರಾರು ಹುಟ್ಟಿನಿಂದಲೇ ಶೂನ್ಯವಲ್ಲ. ಕೋರ್ಟಿನ ಭಾಷೆಯಲ್ಲಿ ಅದು ವಾಯ್ಡ್ ಅಲ್ಲ, ವಾಯ್ಡಬಲ್. ಮೋಸಹೋದವರು ಬೇಕಾದರೆ ರದ್ದು ಮಾಡಬಹುದು, ಬೇಡವಾದರೆ "ನೀನು ಹೇಳಿದಂತೆಯೇ ನಡೆಸಿಕೊಡು" ಎಂದು ಹಿಡಿದುಕೊಳ್ಳಬಹುದು. ಆದರೆ ಸುಳ್ಳು ಗೊತ್ತಾದ ಮೇಲೂ ಕಂತು ಕಟ್ಟಿ, ಅವಧಿ ವಿಸ್ತರಿಸಿದರೆ ನೀವು ಎರಡನೆಯದನ್ನೇ ಆರಿಸಿಕೊಂಡಿರಿ ಎಂದು ಎದುರು ಪಕ್ಷದವರು ವಾದಿಸುತ್ತಾರೆ. ಹೀಗೆ ಸ್ಪಷ್ಟವಾಗಿಯೋ ನಡವಳಿಕೆಯಿಂದಲೋ ಒಪ್ಪಿಕೊಂಡ ಕರಾರನ್ನು ರದ್ದು ಮಾಡಲು ಕೋರ್ಟು ನಿರಾಕರಿಸಬಹುದು ಎಂದು ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 27ನೇ ಕಲಂ ಹೇಳುತ್ತದೆ. ಎರಡನೆಯ ಏಟು ಕಾಲಮಿತಿಯದು. ರದ್ದು ಕೋರುವ ದಾವೆಗೆ ಕಾಲಮಿತಿ ಕಾಯ್ದೆಯ 59ನೇ ಅನುಚ್ಛೇದದಲ್ಲಿ ಇರುವುದು ಮೂರೇ ವರ್ಷ, ಅದೂ ವಿಷಯ ತಿಳಿದ ದಿನದಿಂದ. ರಾಜಿ ಮಾತುಕತೆ ನಡೆಯುತ್ತಿತ್ತು ಎಂದ ಮಾತ್ರಕ್ಕೆ ಗಡಿಯಾರ ನಿಲ್ಲುವುದಿಲ್ಲ.

ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ 1968ರಲ್ಲಿ ತೀರ್ಮಾನವಾದ ಒಂದು ಮೊಕದ್ದಮೆಯನ್ನು ಇಲ್ಲಿ ಹೇಳಲೇಬೇಕು. ಗಂಡ ಹೆಂಡತಿಯಿಂದ ದಾನಪತ್ರಕ್ಕೆ ಸಹಿ ಹಾಕಿಸಿಕೊಂಡು, ಆಕೆಗೆ ಹೇಳದ ಜಮೀನುಗಳನ್ನೂ ಅದರಲ್ಲಿ ಸೇರಿಸಿದ್ದ. ಸಹಿ ಹಾಕುತ್ತಿರುವುದು ಯಾವ ಬಗೆಯ ಪತ್ರಕ್ಕೆ ಎಂಬುದರಲ್ಲೇ ಮೋಸ ನಡೆದಿದ್ದರೆ ಪತ್ರ ಪೂರ್ತಿ ಶೂನ್ಯ; ಪತ್ರದ ಬಗೆ ಗೊತ್ತಿದ್ದು ಒಳಗಿನ ವಿವರದಲ್ಲಿ ಮೋಸವಾಗಿದ್ದರೆ ಅದು ರದ್ದುಮಾಡಿಸಿಕೊಳ್ಳಬೇಕಾದ ಪತ್ರ ಎಂದು ಕೋರ್ಟು ಬೇರ್ಪಡಿಸಿತು. ಆ ಹೆಂಗಸಿಗೆ ತಾನು ದಾನಪತ್ರಕ್ಕೆ ಸಹಿ ಹಾಕುತ್ತಿದ್ದೇನೆ ಎಂಬುದು ತಿಳಿದಿತ್ತು. ಹಾಗಾಗಿ ಕಾಲಮಿತಿ ಅಡ್ಡಬಂತು, ದಾವೆ ನಿಲ್ಲಲಿಲ್ಲ. "ಓದದೆ ಸಹಿ ಹಾಕಿದೆ" ಅನ್ನುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಇನ್ನು ಮೌನ. ಸುಮ್ಮನಿದ್ದ ಮಾತ್ರಕ್ಕೆ ವಂಚನೆಯಾಗುವುದಿಲ್ಲ ಎಂದು ಕರಾರು ಕಾಯ್ದೆಯ 17ನೇ ಕಲಂನ ವಿವರಣೆ ಹೇಳುತ್ತದೆ. ಹೇಳುವ ಕರ್ತವ್ಯ ಇದ್ದಲ್ಲಿ ಮೌನವೂ ಮೋಸ. ಜಮೀನು, ಮನೆ ಮಾರುವವರಿಗೆ ಆ ಕರ್ತವ್ಯವನ್ನು ಸ್ವತ್ತು ವರ್ಗಾವಣೆ ಕಾಯ್ದೆ, 1882ರ 55ನೇ ಕಲಂ ಹೊರಿಸಿದೆ. ಆದರೆ ಅದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ದೋಷಕ್ಕೆ ಮಾತ್ರ. ನೋಂದಣಿಯಾದ ಅಡಮಾನ ಇ.ಸಿ.ಯಲ್ಲಿ (ಸ್ವತ್ತಿನ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರದಲ್ಲಿ) ಎದ್ದು ಕಾಣುತ್ತಿದ್ದು, ನೀವು ಇ.ಸಿ.ಯನ್ನೇ ತೆಗೆಸದಿದ್ದರೆ, "ಅವರು ಹೇಳಲಿಲ್ಲ" ಎಂಬ ವಾದಕ್ಕೆ ಬಲವಿಲ್ಲ. ಬಾಯಿಬಿಟ್ಟು ಹಸಿ ಸುಳ್ಳು ಹೇಳಿದ್ದರೆ ಮಾತು ಬೇರೆ. ಆಗ "ನೀನು ವಿಚಾರಿಸಬೇಕಿತ್ತು" ಎಂಬ ಗುರಾಣಿ ಕರಾರು ಕಾಯ್ದೆಯ 19ನೇ ಕಲಂ ಪ್ರಕಾರ ಅವರಿಗೆ ಸಿಗುವುದಿಲ್ಲ. ಅದಕ್ಕೇ ಸುಳ್ಳನ್ನು ಅವರ ಬಾಯಿಂದ ಕಾಗದಕ್ಕೆ ಇಳಿಸಬೇಕು.

ಅಚ್ಚಾದ ಕರಾರುಗಳಲ್ಲಿ ಒಂದು ಸಾಲು ಬಂದೇ ಬರುತ್ತದೆ: "ಎರಡನೇ ಪಾರ್ಟಿಯವರು ಎಲ್ಲಾ ದಾಖಲೆಗಳನ್ನು ಪರಿಶೀಲಿಸಿ ತೃಪ್ತರಾಗಿರುತ್ತಾರೆ." ನಿಮ್ಮ ಕೈಯಿಂದಲೇ ನಿಮ್ಮ ವಿರುದ್ಧ ಸಾಕ್ಷಿ ಬರೆಸಿಕೊಂಡ ಹಾಗೆ. ಅದನ್ನು ಹೊಡೆದುಹಾಕಿಸಿ, ಮಾರುವವರ ಮಾತಾಗಿ ಬಿಡಿಬಿಡಿಯಾಗಿ ಬರೆಸಿ: ಈ ಸರ್ವೆ ನಂಬರಿನ ಮೇಲೆ ಯಾವ ಕೋರ್ಟಿನಲ್ಲೂ ದಾವೆ ಬಾಕಿ ಇಲ್ಲ; ಮೂಲಪತ್ರಗಳನ್ನು ಯಾವ ಬ್ಯಾಂಕಿನಲ್ಲೂ ಇಟ್ಟಿಲ್ಲ; ಪಾಲುದಾರರು ಇಂತಿಂಥವರು, ಬೇರೆ ಯಾರೂ ಇಲ್ಲ. ಪಾಲಿನ ದಾವೆ ಸಾಮಾನ್ಯವಾಗಿ ಇ.ಸಿ.ಯಲ್ಲಿ ಕಾಣುವುದಿಲ್ಲ. ಮೂಲಪತ್ರ ಇಟ್ಟು ತೆಗೆದ ಸಾಲವೂ ನೋಂದಣಿಯಾಗಿಲ್ಲದಿದ್ದರೆ ಕಾಣುವುದಿಲ್ಲ. ಪಹಣಿಯಲ್ಲಿ ಸಾಲ, ಇತರ ಹಕ್ಕುಗಳನ್ನು ಬರೆಯುವ 11ನೇ ಕಾಲಂ ನೋಡಿ, ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಮತ್ತು ಅವರ ತಂದೆಯ ಹೆಸರನ್ನು ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಿ, ಮೂಲಪತ್ರವನ್ನು ಕಣ್ಣಾರೆ ನೋಡಿ. ಜೆರಾಕ್ಸ್ ನೋಡಿ ಮುಂಗಡ ಕೊಡುವವರಿಗೆ ಏನು ಹೇಳುವುದು!

ಮೋಸವಲ್ಲದೆ ಬರೀ ತಪ್ಪು ತಿಳಿವಳಿಕೆಯಾದರೆ ನಿಯಮ ಬೇರೆ. ಕರಾರಿಗೆ ಅತ್ಯಗತ್ಯವಾದ ಸಂಗತಿಯಲ್ಲಿ ಇಬ್ಬರೂ ತಪ್ಪು ತಿಳಿದಿದ್ದರೆ ಕರಾರು ಕಾಯ್ದೆಯ 20ನೇ ಕಲಂ ಪ್ರಕಾರ ಕರಾರೇ ಶೂನ್ಯ. ಪಂಜಾಬಿನ ಜಮೀನಿನ ಪ್ರಕರಣವೊಂದರಲ್ಲಿ ಅಳತೆ ಬಿಘಾ ಲೆಕ್ಕವೋ ಕನಾಲ್ ಲೆಕ್ಕವೋ ಎಂಬುದರಲ್ಲಿ ಇಬ್ಬರಿಗೂ ಒಂದೇ ಅರ್ಥ ಇರಲಿಲ್ಲ. 1998ರಲ್ಲಿ ಸುಪ್ರೀಂ ಕೋರ್ಟು ಆ ಕರಾರು ಶೂನ್ಯ, ಮುಂಗಡವನ್ನು ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ ಎಂದಿತು. ಶೂನ್ಯವೆಂದು ತಿಳಿದುಬಂದ ಕರಾರಿನಲ್ಲಿ ಪಡೆದದ್ದನ್ನು 65ನೇ ಕಲಂ ಪ್ರಕಾರ ಹಿಂತಿರುಗಿಸಬೇಕು. ಒಬ್ಬರೇ ತಪ್ಪು ತಿಳಿದಿದ್ದರೆ ಅಷ್ಟಕ್ಕೇ ಕರಾರು ರದ್ದಾಗದು (22ನೇ ಕಲಂ). "ಇಷ್ಟು ಬೆಲೆ ಬಾಳುತ್ತೆ ಅಂದುಕೊಂಡಿದ್ದೆ" ಎಂಬುದು ಸಂಗತಿಯ ತಪ್ಪೇ ಅಲ್ಲ. "ಕಾನೂನು ಗೊತ್ತಿರಲಿಲ್ಲ" ಎಂಬುದೂ ಭಾರತದ ಕಾನೂನಿನ ಮಟ್ಟಿಗೆ ನಡೆಯುವುದಿಲ್ಲ. ಪತ್ರದಲ್ಲಿ ಸರ್ವೆ ನಂಬರ್ ಒಂದು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಇನ್ನೊಂದು ಆಗಿದ್ದರೆ ಇಬ್ಬರೂ ಸೇರಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತಿದ್ದುಪಡಿ ಪತ್ರ ಮಾಡಿಸಿದರೆ ಮುಗಿಯಿತು. ಅವರು ಬಾರದಿದ್ದರೆ 26ನೇ ಕಲಂ ಅಡಿ ದಾವೆ, ಇದು ನಿರ್ದಿಷ್ಟ ಪರಿಹಾರ ಕಾಯ್ದೆಯದು.

ಸುಳ್ಳು ಬಯಲಾದ ದಿನವೇ ಹಣ ಕೊಡುವುದನ್ನು ನಿಲ್ಲಿಸಿ. ಯಾವ ದಾಖಲೆಯಿಂದ ತಿಳಿಯಿತೋ ಅದರ ದೃಢೀಕೃತ ನಕಲನ್ನು ತಾರೀಖು ಸಮೇತ ತೆಗೆದಿಡಿ. ಕರಾರು ರದ್ದು ಮಾಡಿದ್ದೇನೆ ಎಂದು ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ನೋಟಿಸ್ ಕಳಿಸಿ. ಜಾಗದ ಸ್ವಾಧೀನ ಸಿಕ್ಕಿದ್ದರೆ ಹಿಂತಿರುಗಿಸುತ್ತೇನೆ ಎಂದೂ ಬರೆಯಿರಿ, ಏಕೆಂದರೆ ರದ್ದು ಮಾಡುವವರು ಪಡೆದದ್ದನ್ನು ಮರಳಿಸಬೇಕು. "ಮೋಸ ಮಾಡಿದ್ದಾರೆ" ಎಂಬ ಒಂದು ಸಾಲು ಕೋರ್ಟಿಗೆ ಸಾಲದು. ಯಾರು, ಯಾವ ತಾರೀಖು, ಏನು ಹೇಳಿದರು, ಅದು ಸುಳ್ಳೆಂದು ಯಾವುದು ತೋರಿಸುತ್ತದೆ, ಇಷ್ಟೂ ವಿವರ ವಾದಪತ್ರದಲ್ಲಿ ಇರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 4 ಹೇಳುತ್ತದೆ. ಪೊಲೀಸರಿಗೆ ದೂರು ಕೊಡುವುದು ಬೇರೆ ದಾರಿ. ಎಫ್‌ಐಆರ್ ಆಗಿದೆ ಎಂದು ಸಿವಿಲ್ ದಾವೆಯ ಮೂರು ವರ್ಷ ಕಾಯುತ್ತಾ ಕೂರುವುದಿಲ್ಲ. ತಡಮಾಡಿದಷ್ಟೂ ಇನ್ನೊಂದು ಅಪಾಯ: ಅಷ್ಟರಲ್ಲಿ ಏನೂ ಅರಿಯದ ಮೂರನೆಯವರು ಹಣ ಕೊಟ್ಟು ಹಕ್ಕು ಪಡೆದರೆ, ಕೋರ್ಟು ರದ್ದತಿಯನ್ನೇ ನಿರಾಕರಿಸಬಹುದು.

ಜಾಗವೇ ಬೇಕು, ಕ್ರಯ ಮಾಡಿಕೊಡಲಿ ಎಂದು ದಾವೆ ಹಾಕುವವರು, "ಅದು ಆಗದಿದ್ದರೆ ಮುಂಗಡ ವಾಪಸ್ ಕೊಡಿಸಿ" ಎಂಬ ಕೋರಿಕೆಯನ್ನೂ ವಾದಪತ್ರದಲ್ಲಿ ಪ್ರತ್ಯೇಕ ಸಾಲಾಗಿ ಬರೆಸಿ. ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಂ ಪ್ರಕಾರ ಕೇಳದಿದ್ದರೆ ಅದನ್ನು ಕೊಡುವಂತಿಲ್ಲ. ಆಮೇಲೆ ತಿದ್ದುಪಡಿ ಮಾಡಿ ಸೇರಿಸಬಹುದು ನಿಜ, ಆದರೆ ಅದಕ್ಕೊಂದು ಅರ್ಜಿ, ಅದಕ್ಕೊಂದು ತಕರಾರು, ಮತ್ತೆ ಮುಂದಿನ ತಾರೀಖು.