ಹಾರಾಟ ತರಬೇತಿಯ ಶುಲ್ಕ: ಒಟ್ಟಾಗಿ ಕಟ್ಟುವುದೋ, ಹಾರಿದಷ್ಟಕ್ಕೆ ಕಟ್ಟುವುದೋ?

ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರು ಮಗಳನ್ನು ಪೈಲಟ್ ತರಬೇತಿಗೆ ಸೇರಿಸುವ ಮುನ್ನ ಈ ಪ್ರಶ್ನೆ ಕೇಳಿದ್ದಾರೆ.

ಪೂರ್ತಿ ಶುಲ್ಕವನ್ನು ಮೊದಲೇ ಕಟ್ಟುವವರಿಗೆ ಗಂಟೆಯ ದರದಲ್ಲಿ ರಿಯಾಯಿತಿ ಸಿಗಬಹುದು, ಆದರೆ 7.5 ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ, ಮೇಲಾಗಿ ಶಾಲೆಯ ವಿಮಾನ ರಿಪೇರಿಗೆ ನಿಂತರೆ ಹಣ ಅಲ್ಲಿ, ಬಡ್ಡಿ ಇಲ್ಲಿ ಎಂಬಂತಾಗುತ್ತದೆ. ಹಾರಿದಷ್ಟಕ್ಕೆ ಕಟ್ಟುವುದರಲ್ಲಿ ಈ ಭಯವಿಲ್ಲ. ಕೊಯ್ಲಿನ ಹಣ ಕೈಸೇರುವ ತಿಂಗಳುಗಳಲ್ಲಿ ಆಕಾಶವೂ ಮಳೆಗಾಲಕ್ಕಿಂತ ತಿಳಿಯಾಗಿರುವುದು ತೋಟದವರಿಗೆ ಅನುಕೂಲವೇ. ಆದರೂ ನಡುವೆ ದೀರ್ಘ ಬಿಡುವು ಬಿದ್ದರೆ ಕಲಿತದ್ದನ್ನೇ ಮತ್ತೆ ಕಲಿಯಬೇಕಾಗಿ, ವಾಣಿಜ್ಯ ಪರವಾನಗಿಗೆ ಬೇಕಾದ ಕನಿಷ್ಠ 200 ಗಂಟೆಗಳ ಲೆಕ್ಕ ಮೀರಿಹೋಗುತ್ತದೆ.

ತರಬೇತುದಾರರ ವಿಷಯದಲ್ಲಿ ಕಡಿಮೆ ದರವೊಂದನ್ನೇ ನೋಡುವುದು ನನ್ನ ಮಟ್ಟಿಗೆ ದುಬಾರಿ ಉಳಿತಾಯ. ಕಿರಿಯರು ಏರ್‌ಲೈನ್ ನೌಕರಿ ಸಿಕ್ಕೊಡನೆ ಹೊರಟರೆ, ಹೊಸಬರು ಹಳೆಯ ಪಾಠಗಳನ್ನು ಮತ್ತೊಮ್ಮೆ ಪರೀಕ್ಷಿಸುವ ಗಂಟೆಗಳಿಗೂ ನೀವೇ ತೆರಬೇಕು. ವಿಮಾನದ ಗಂಟೆಗಳನ್ನು ಎಣಿಸುವ ಮೀಟರ್ ಎಂಜಿನ್ ಚಾಲೂ ಆದಾಗಿನಿಂದ ಓಡುತ್ತದೆಯೋ, ಹಾರಿದ ಮೇಲೋ ಎಂಬುದನ್ನೂ ಕೇಳಿ. ರನ್‌ವೇ ಖಾಲಿಯಾಗಲೆಂದು ಕಾಯುವ ಹತ್ತು ನಿಮಿಷಕ್ಕೂ ಬಿಲ್ ಬರಬಹುದು.

ಕೈಯಲ್ಲಿ ಹಣವಿದ್ದು, ಹಣ ವಾಪಸಿನ ನಿಯಮ ಲಿಖಿತವಾಗಿದ್ದರೆ ಒಟ್ಟು ಪಾವತಿ ಸರಿಹೋಗುತ್ತದೆ. ಆದಾಯ ಬೆಳೆಯನ್ನೇ ನಂಬಿದ್ದರೆ ಕೆಲವೇ ಗಂಟೆಗಳ ಕಂತು ಲೇಸು. ಎರಡರಲ್ಲಿ ಯಾವುದಾದರೂ, ವಾಣಿಜ್ಯ ಪೈಲಟ್‌ಗಳಿಗೆ ಬೇಕಾದ ಕ್ಲಾಸ್ 1 ವೈದ್ಯಕೀಯ ಪರೀಕ್ಷೆಯಲ್ಲಿ ಮಗಳು ಅರ್ಹಳೆಂದು ತಿಳಿದ ಮೇಲೆಯೇ ದೊಡ್ಡ ಮೊತ್ತ ಕಟ್ಟಿ.